ಮೂವತ್ತೊಂದನೇ ಹಾಳೆ

ನನಗೆ ಮೊದಲು ಹೊಟ್ಟೆಕಿಚ್ಚು ಹತ್ತಿದ್ದು ಒಂದು ಚೆಂಡಿನ ಮೇಲೆ ಅಂದರೆ ಯಾರೂ ನಂಬುವುದಿಲ್ಲ. ಅದೂ ಪೆನ್ಸಿಲ್ಲಿನಲ್ಲಿ ಬರೆದ ಚೆಂಡು. ಮೇಲಿನಿಂದ ಬಿದ್ದು, ನೆಲಕ್ಕೆ ತಾಗಿ, ಮತ್ತೆ ಮೇಲಕ್ಕೆ ಹೋಗಬೇಕು. ಅನಿಮೇಷನ್ ಕಲಿಯಲು ಬಂದವರೆಲ್ಲ ಮೊದಲ ವಾರ ಮಾಡುವ ಪಾಠ ಇದು. ನನ್ನ ಚೆಂಡು ಗುಂಡಗಿತ್ತು, ನೆರಳಿತ್ತು, ಅಂಚು ಒಂದು ಕಡೆಯೂ ಅಲುಗಿರಲಿಲ್ಲ. ಪಕ್ಕದ ಮೇಜಿನಲ್ಲಿ ಕೂತಿದ್ದವಳದು ಹೆಚ್ಚೆಂದರೆ ಆಲೂಗಡ್ಡೆ. ಇಬ್ಬರ ಹಾಳೆಗಳನ್ನೂ ಒಂದೊಂದಾಗಿ ಫೋಟೋ ತೆಗೆದು ಪರದೆಯ ಮೇಲೆ ಓಡಿಸಿದಾಗ ನನ್ನ ಚೆಂಡು ಲಿಫ್ಟಿನಲ್ಲಿ ಬಂದವರ ಹಾಗೆ ನಿಧಾನಕ್ಕೆ ಇಳಿದು ನಿಧಾನಕ್ಕೆ ಹತ್ತಿತು. ಅವಳ ಆಲೂಗಡ್ಡೆ ಧಪ್ಪನೆ ಬಿದ್ದು ಎಗರಿತು. ತರಗತಿಯ ಹುಡುಗರು ಚಪ್ಪಾಳೆ ತಟ್ಟಿದರು. ತಟ್ಟದಿದ್ದರೆ ಚೆನ್ನಾಗಿರುವುದಿಲ್ಲ ಎಂದು ನಾನೂ ತಟ್ಟಿದೆ.

ಆಗ ನನಗೆ ಮೂವತ್ತೆರಡು ವರ್ಷ. ಯಲಹಂಕದ ಒಂದು ಖಾಸಗಿ ಶಾಲೆಯಲ್ಲಿ ಒಂಬತ್ತು ವರ್ಷದಿಂದ ಡ್ರಾಯಿಂಗ್ ಟೀಚರ್ ಆಗಿದ್ದೆ. ಹುಟ್ಟಿದ್ದು ಗದಗದ ಕಡೆ. ಅಲ್ಲೇ ಚಿತ್ರಕಲೆ ಕಲಿತು, ಅಕ್ಕ ಮದುವೆಯಾಗಿ ಯಲಹಂಕಕ್ಕೆ ಬಂದ ಮೇಲೆ ಅವಳ ಬೆನ್ನು ಹಿಡಿದು ನಾನೂ ಬಂದೆ. ಶಾಲೆಯಲ್ಲಿ ನನ್ನ ಗೆರೆಗೆ ಹೆಸರಿತ್ತು. ಸ್ವಾತಂತ್ರ್ಯ ದಿನದ ಬೋರ್ಡು, ವಾರ್ಷಿಕೋತ್ಸವದ ಪರದೆ, ಮುಖ್ಯ ಅತಿಥಿಗಳಿಗೆ ಕೊಡುವ ಭಾವಚಿತ್ರ, ಎಲ್ಲಕ್ಕೂ ನಾನೇ. ಮಕ್ಕಳ ಹಾಳೆಯಲ್ಲಿ ಸೊಟ್ಟಗಿದ್ದದ್ದನ್ನು ನೆಟ್ಟಗೆ ಮಾಡಿ ಸಹಿ ಹಾಕುವುದು ನನ್ನ ದಿನದ ಕೆಲಸ. ಸೊಟ್ಟ ಗೆರೆ ಕಂಡರೆ ಕೈ ತಾನಾಗಿ ರಬ್ಬರಿನ ಕಡೆ ಹೋಗುತ್ತಿತ್ತು. ಆದರೆ ನನಗೆ ಬೇಕಾಗಿದ್ದೇ ಬೇರೆ. ಬರೆದದ್ದು ಎದ್ದು ನಡೆಯಬೇಕು ಎಂಬ ಆಸೆ ಚಿಕ್ಕಂದಿನದು. ಪಠ್ಯಪುಸ್ತಕದ ಮೂಲೆಮೂಲೆಗೂ ಓಡುವ ಮನುಷ್ಯನನ್ನು ಬರೆದು, ಹಾಳೆಗಳನ್ನು ಸರಸರ ಬಿಟ್ಟು ನೋಡಿ, ಅಪ್ಪನ ಕೈಲಿ ಏಟು ತಿಂದವಳು ನಾನು.

ಕೊಡಿಗೇಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲೆ ಎರಡನೇ ಮಹಡಿಯಲ್ಲಿ ಒಂದು ಅನಿಮೇಷನ್ ತರಗತಿ ನಡೆಯುತ್ತದೆಂದು ಬಸ್ಸಿನಿಂದ ಬೋರ್ಡು ನೋಡಿ ಗೊತ್ತಾಯಿತು. ಹೋಗಿ ವಿಚಾರಿಸಿದೆ. ಕಲಿಸುವ ಮೇಷ್ಟ್ರು ಐವತ್ತು ದಾಟಿದವರು. ಮಧ್ಯಾಹ್ನದ ಮೇಲೆ ಹೆಬ್ಬಾಳದ ಒಂದು ಸಣ್ಣ ಸ್ಟುಡಿಯೋದಲ್ಲಿ ಮಕ್ಕಳ ಕಾರ್ಟೂನು ಮಾಡುತ್ತಿದ್ದರು, ಬೆಳಿಗ್ಗೆ ಇಲ್ಲಿ ಪಾಠ. ಹತ್ತು ತಿಂಗಳು ಬರೀ ಕಾಗದ, ಕಂಪ್ಯೂಟರ್ ಆಮೇಲೆ ಎನ್ನುವುದು ಅವರ ಹಠ. ಕೊನೆಗೆ ಒಂದು ಮಾತು ಸೇರಿಸಿದರು.

"ಬ್ಯಾಚ್ ಮುಗಿದಾಗ ಒಬ್ರನ್ನ ನನ್ ಜೊತೆ ಸ್ಟುಡಿಯೋಗೆ ಕರ್ಕೊಂಡ್ ಹೋಗ್ತೀನಿ ಮೇಡಂ. ಅಸಿಸ್ಟೆಂಟ್ ಆಗಿ. ಒಬ್ರೇ."

ಅವರು ಅದಕ್ಕೆ ಮುಂಚೆ ಹೇಳಿದ್ದೆಲ್ಲ ನನಗೆ ಮರೆತುಹೋಯಿತು. ಶಾಲೆಗೆ ಒಂದು ವರ್ಷ ಸಂಬಳವಿಲ್ಲದ ರಜೆ ಕೇಳಿದೆ. ಜೂನ್ ಒಳಗೆ ಬಾರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಪ್ರಿನ್ಸಿಪಾಲರು ಸ್ಪಷ್ಟವಾಗಿ ಹೇಳಿದರು. ತಗೊಳ್ಳಿ ಎಂದೆ, ಮನಸ್ಸಿನಲ್ಲಿ. ತರಗತಿಯಲ್ಲಿ ನನ್ನ ಜೊತೆ ಸೇರಿದವರು ಹತ್ತು ಹುಡುಗರು, ಎಲ್ಲ ಪಿಯುಸಿ ಮುಗಿಸಿದವರು, ಗೇಮ್ ಮಾಡುವ ಕನಸಿನವರು. ಅವರಿಗೆ ಆ ಜಾಗ ಬೇಕಾಗಿರಲಿಲ್ಲ. ಮೊದಲ ದಿನವೇ ಎಲ್ಲರ ಹಾಳೆಗಳ ಮೇಲೂ ಒಂದು ಕಣ್ಣು ಹಾಯಿಸಿ, ಸ್ಟುಡಿಯೋದ ಕುರ್ಚಿಯಲ್ಲಿ ಕೂತೇಬಿಟ್ಟೆ ಅಂದುಕೊಂಡೆ.

ಅವಳು ಬಂದದ್ದು ಎರಡನೆಯ ದಿನ, ಪಾಠಕ್ಕಲ್ಲ, ನೀರಿನ ಮೋಟರು ನೋಡಲು. ಆ ಕಟ್ಟಡ ಅವಳ ಮಾವನದು. ಮೊದಲು ರಾಗಿ, ದ್ರಾಕ್ಷಿ ಬೆಳೆಯುತ್ತಿದ್ದ ಮನೆತನ. ವಿಮಾನ ನಿಲ್ದಾಣದ ರಸ್ತೆ ಬಂದ ಮೇಲೆ ಹೊಲಗಳೆಲ್ಲ ಕಟ್ಟಡಗಳಾಗಿ, ಚಿಕ್ಕಜಾಲದ ಹತ್ತಿರ ಮಾತ್ರ ಒಂದಿಷ್ಟು ಭೂಮಿ ಉಳಿದಿತ್ತು. ಬಾಡಿಗೆದಾರರ ನೀರು, ಕರೆಂಟು, ಸೋರುವ ನಲ್ಲಿ ನೋಡಿಕೊಳ್ಳುವುದು ಈ ಸೊಸೆಯ ಪಾಲು. ಇಪ್ಪತ್ತಾರು ವರ್ಷ, ಯುಕೆಜಿಗೆ ಹೋಗುವ ಮಗಳು, ಸೆರಗಿಗೆ ಸಿಕ್ಕಿಸಿಕೊಂಡ ಬೀಗದ ಕೈ ಗೊಂಚಲು. ಬಾಗಿಲಲ್ಲಿ ನಿಂತು ಅರ್ಧ ಗಂಟೆ ನೋಡಿದಳು. ಮೇಷ್ಟ್ರು, "ನಿಂತ್ಕೊಂಡೇ ಯಾಕಮ್ಮ, ಕೂತ್ಕೋ, ನೀನೂ ಮಾಡು" ಎಂದು ಒಂದು ಪೆನ್ಸಿಲ್ ಕೊಟ್ಟರು. ಚಮಚ ಹಿಡಿಯುವ ಹಾಗೆ ಹಿಡಿದಳು. ನಾನು ಮುಖ ತಿರುಗಿಸಿ ನಕ್ಕೆ. ಮಾರನೆಯ ದಿನದಿಂದ ಅವಳೂ ತರಗತಿಗೆ ಬರತೊಡಗಿದಳು.

ನಮ್ಮ ಪಾಠದ ಕ್ರಮ ಹೀಗೆ. ಪ್ರತಿ ಹಾಳೆಗೂ ಕೆಳಗಡೆ ಮೂರು ತೂತು. ಮೇಜಿನ ಮೇಲಿನ ಮೂರು ಗೂಟಕ್ಕೆ ಆ ತೂತು ಸಿಕ್ಕಿಸಿದರೆ ಹಾಳೆ ಅಲುಗುವುದಿಲ್ಲ. ಮೇಜಿನ ನಡುವೆ ಗಾಜು, ಅದರ ಕೆಳಗೆ ದೀಪ. ಕೆಳಗಿನ ಚಿತ್ರ ಮೇಲಿನ ಹಾಳೆಯಲ್ಲಿ ಮಸುಕಾಗಿ ಕಾಣುತ್ತದೆ, ಅದನ್ನು ನೋಡಿಕೊಂಡು ಮುಂದಿನದನ್ನು ಒಂದಿಷ್ಟು ಸರಿಸಿ ಬರೆಯಬೇಕು. ಒಂದು ಸೆಕೆಂಡಿಗೆ ಹನ್ನೆರಡು ಚಿತ್ರ. ಬರೆಯುತ್ತಲೇ ಐದಾರು ಹಾಳೆಗಳನ್ನು ಬೆರಳ ಸಂದಿಗೆ ಸಿಕ್ಕಿಸಿ ಪಟಪಟ ತಿರುವಿದರೆ ಚಲನೆ ಕಾಣುತ್ತದೆ. ನಾನು ಮಾಡಿದ್ದೇನು ಗೊತ್ತೇ? ಮೊದಲ ಚೆಂಡಿಗೂ ಕೊನೆಯ ಚೆಂಡಿಗೂ ನಡುವೆ ಸ್ಕೇಲು ಇಟ್ಟು, ಅಳೆದು, ಸಮಸಮವಾಗಿ ಹಂಚಿದ್ದೆ. ಒಂಬತ್ತು ವರ್ಷ ಮಕ್ಕಳ ಹಾಳೆಗೆ ಮಾರ್ಜಿನ್ ಎಳೆದ ಕೈ ಇನ್ನೇನು ಮಾಡೀತು.

"ಮೇಡಂ, ಸ್ಕೇಲ್ ಬ್ಯಾಗಲ್ಲಿಡಿ" ಎಂದರು ಮೇಷ್ಟ್ರು. ಮೇಲೆ ಹೋದ ಚೆಂಡು ಅಲ್ಲಿ ತಡೆಯುತ್ತದೆ, ಅಲ್ಲಿ ಚಿತ್ರಗಳು ಹತ್ತಿರ ಹತ್ತಿರ ಇರಬೇಕು, ಬೀಳುವಾಗ ದೂರ ದೂರ, ಎಂದು ವಿವರಿಸಿದರು. ಆಮೇಲೆ ಅವಳ ಕಡೆ ತಿರುಗಿ, ಇದೆಲ್ಲ ನಿನಗೆ ಹೇಗೆ ಗೊತ್ತಾಯ್ತು ಎಂದು ಕೇಳಿದರು.

"ಮೇಲಕ್ ಓದ್ಮೇಲೆ ವಸಿ ನಿಂತ್ಕೊತದಲ್ವಾ ಸಾರ್" ಎಂದಳು ಅವಳು. ಇದನ್ನೂ ಕೇಳುತ್ತಾರಾ ಎನ್ನುವ ಮುಖ.

ನನಗೆ ಮೈ ಪರಚಿಕೊಳ್ಳುವ ಹಾಗಾಯಿತು.

ನಾನು ಛಲದವಳು. ಓದುವುದು ಹೇಗೆಂದು ನನಗೆ ಗೊತ್ತು. ಬೇರೆ ನೋಟ್‌ಬುಕ್ ಮಾಡಿಕೊಂಡೆ. ಚೆಂಡಾದ ಮೇಲೆ ಲೋಲಕ, ಆಮೇಲೆ ಬೀಳುವ ಎಲೆ, ಬಾಲದ ಅಲೆ, ತಲೆ ತಿರುಗುವುದು, ನಡಿಗೆ. ಪ್ರತಿ ಪಾಠವನ್ನೂ ಮೂರು ಮೂರು ಸಲ ಮಾಡಿದೆ. ಬೆಳಿಗ್ಗೆ ಐದಕ್ಕೆ ಎದ್ದು ಅಕ್ಕನ ಊಟದ ಮೇಜಿನ ಮೇಲೆ ಹಾಳೆ ಹರಡುತ್ತಿದ್ದೆ. ಅಕ್ಕ ನೆಲ ಒರೆಸುತ್ತಿದ್ದರೆ ಅವಳ ಕೈ ಎಡದಿಂದ ಬಲಕ್ಕೆ ಬರಲು ಎಷ್ಟು ಚಿತ್ರ ಬೇಕು ಎಂದು ಎಣಿಸುತ್ತಿದ್ದೆ. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಬಸ್ಸು ಬ್ರೇಕು ಹಾಕಿದಾಗ ನಿಂತವರ ಸೊಂಟ ಮೊದಲು ಹೋಗುತ್ತದೋ ತಲೆ ಮೊದಲು ಹೋಗುತ್ತದೋ ನೋಡಿ ಬರೆದುಕೊಳ್ಳುತ್ತಿದ್ದೆ. ಒಬ್ಬ ಹೆಂಗಸು, "ಏನ್ರೀ ಅದು ನನ್ನನ್ನೇ ನೋಡಿ ಬರೀತಿದೀರ" ಎಂದು ಜಗಳಕ್ಕೇ ಬಂದಳು. ಕಲಿತೆ, ಖಂಡಿತ ಕಲಿತೆ. ಮೂರನೇ ತಿಂಗಳಿಗೆ ನನ್ನ ಹಾಳೆಗಳಲ್ಲಿ ಮೇಷ್ಟ್ರಿಗೆ ತಿದ್ದಲು ಏನೂ ಸಿಗುತ್ತಿರಲಿಲ್ಲ.

ಅದೇ ನನ್ನ ಸಂಕಟ. ಅವರು ನನ್ನ ಹಾಳೆಗಳನ್ನು ಒಂದು ಸಲ ತಿರುವಿ, "ತಪ್ಪೇನಿಲ್ಲ ಮೇಡಂ" ಎಂದು ಕೆಳಗಿಡುತ್ತಿದ್ದರು. ಅವಳದನ್ನು ತಿರುವುವರು, ಮತ್ತೆ ತಿರುವುವರು, ಮೂರನೇ ಸಲ ನಗುತ್ತಾ ತಿರುವುವರು. ನಾನು ನನ್ನ ಮೇಜಿನಲ್ಲಿ ತಲೆ ತಗ್ಗಿಸಿಕೊಂಡೇ ಎಣಿಸುತ್ತಿದ್ದೆ. ನನಗೆ ಒಂದು, ಅವಳಿಗೆ ನಾಲ್ಕು. ಒಂದು ದಿನ ಬೀಳುವ ಎಲೆಗೆ ಏಳು ಸಲ ತಿರುವಿದರು. ಅವತ್ತು ಊಟ ಸೇರಲಿಲ್ಲ. ಅವಳ ಎಲೆ ನೋಡಿದರೆ ಅದು ಯಾವ ಮರದ್ದೆಂದು ಹೇಳಲು ಸಾಧ್ಯವಿರಲಿಲ್ಲ, ನರ ಇಲ್ಲ, ತೊಟ್ಟು ಇಲ್ಲ. ನನ್ನದು ಅಪ್ಪಟ ಅರಳಿ ಎಲೆ.

ಮನೆಯಲ್ಲಿ ನಾನು ಆಡುವುದೆಲ್ಲ ಅವಳ ಮಾತೇ ಆಗಿತ್ತು. ಬಿಲ್ಡಿಂಗೇ ಅವರದು, ಮೇಷ್ಟ್ರು ಹೊಗಳದೆ ಏನು ಮಾಡುತ್ತಾರೆ, ನಾಳೆ ನೀರು ನಿಲ್ಲಿಸಿದರೆ? ಹೀಗೆ. ಅಕ್ಕ ಕೇಳಿ ಕೇಳಿ ಸಾಕಾಗಿ ಒಂದು ದಿನ ಅಂದಳು: "ಏನವಾ, ನೀ ಕಾರ್ಟೂನ್ ಕಲಿಯಾಕ ಹೊಂಟಿ ಅಂತ ಮಾಡಿದ್ದೆ. ಆಕಿ ಮ್ಯಾಲ ಪಿಎಚ್‌ಡಿ ಮಾಡಾಕತ್ತೀಯಲ್ಲ."

ನಕ್ಕೆ, ಆದರೆ ಮಾತು ನಾಟಿತು.

ಅವಳೋ ನನ್ನನ್ನು "ಅಕ್ಕಾ" ಎಂದು ಕರೆಯುತ್ತಿದ್ದಳು. ನನ್ನ ಗೆರೆ ಕಂಡರೆ ಅವಳಿಗೆ ದೇವರ ಮೇಲಿನಷ್ಟು ಭಕ್ತಿ. "ಎಂಗಕ್ಕಾ ಇಷ್ಟ್ ನೈಸಾಗಿ ಬರ್ತದೆ ನಿಮ್ಗೆ, ನಂಗೂ ವಸಿ ಏಳ್ಕೊಡಿ" ಎಂದು ಪಕ್ಕಕ್ಕೆ ಬಂದು ಕೂರುವಳು. ಹೇಳಿಕೊಟ್ಟೆ. ಹೇಳಿಕೊಡುವುದು ನನಗೆ ಅಭ್ಯಾಸ, ಅದರಲ್ಲಿ ಒಂದು ಸುಖವೂ ಇತ್ತು: ಅಷ್ಟು ಹೊತ್ತು ನಾನು ಮೇಲೆ, ಅವಳು ಕೆಳಗೆ. ವೃತ್ತ ಎಳೆಯುವಾಗ ಮಣಿಕಟ್ಟು ತಿರುಗಿಸಬೇಡ, ಭುಜದಿಂದ ಎಳೆ ಎಂದೆ. ಮಾರನೆಯ ದಿನ ಸೊನೆ ಅವರೆಕಾಯಿ ಒಂದು ಚೀಲ ತಂದುಕೊಟ್ಟಳು. ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಹೊಟ್ಟೆಕಿಚ್ಚು ಪಡುವವರಿಗೆ ಅವರೆಕಾಯಿ ಸುಲಿಯುವಷ್ಟು ಹಿಂಸೆ ಇನ್ನೊಂದಿಲ್ಲ. ಸಾರು ಮಾತ್ರ ಚೆನ್ನಾಗಾಗಿತ್ತು.

ಎಂಟನೇ ತಿಂಗಳಿಗೆ ಮೂಟೆ ಬಂತು. ಅರ್ಧ ತುಂಬಿದ ಹಿಟ್ಟಿನ ಚೀಲಕ್ಕೆ ಜೀವ ಬರಿಸುವುದು ಅನಿಮೇಷನ್ ಕಲಿಯುವವರಿಗೆಲ್ಲ ಕಡ್ಡಾಯದ ಪಾಠ. ಅದಕ್ಕೆ ಮುಖ ಇಲ್ಲ, ಕೈಕಾಲಿಲ್ಲ, ನಾಲ್ಕು ಮೂಲೆ ಮಾತ್ರ. ಅದು ನಗಬೇಕು, ಅಳಬೇಕು, ಏಳಬೇಕು. ಒಂದೇ ನಿಯಮ: ಹಿಗ್ಗಿದರೂ ಕುಗ್ಗಿದರೂ ಒಳಗಿನ ಹಿಟ್ಟು ಅಷ್ಟೇ ಇರಬೇಕು, ಗಾತ್ರ ಬದಲಾಗಬಾರದು. ಮೇಷ್ಟ್ರು ಕೊನೆಯ ಪರೀಕ್ಷೆಗೂ ಅದನ್ನೇ ಇಟ್ಟರು. ಮಲಗಿದ ಮೂಟೆ ಎದ್ದು, ಒಂದು ಮೆಟ್ಟಿಲು ಹತ್ತಲು ನೋಡಿ, ಆಗದೆ, ಕೊನೆಗೆ ಹತ್ತಬೇಕು. ಐದು ಸೆಕೆಂಡು, ಅರವತ್ತು ಹಾಳೆ. ಇದನ್ನು ನೋಡಿಯೇ ಸ್ಟುಡಿಯೋಗೆ ಕರೆದುಕೊಂಡು ಹೋಗುವವರು ಯಾರೆಂದು ತೀರ್ಮಾನ ಎಂದರು.

ಆ ಹೊತ್ತಿಗೆ ಅವಳಿಗೂ ಆ ಜಾಗ ಬೇಕಾಗಿತ್ತು. ಸಿಂಕಿನಲ್ಲಿ ಟೀ ಲೋಟ ತೊಳೆಯುತ್ತಾ ನನಗೇ ಹೇಳಿದಳು. "ಮಾವಾರು ಒಪ್ಪವ್ರೆ ಅಕ್ಕಾ. ಎಬ್ಬಾಳ ತಾನೆ, ಓಗಿ ಬರ್ಬೋದು ಅಂದ್ರು. ಸೆಲೆಕ್ಟ್ ಆದ್ರೆ ಮಾತ್ರ. ಇಲ್ಲಾಂದ್ರೆ ಮನೆ ಕೆಲ್ಸ ಬುಟ್ಟು ಇದೇನ್ ಆಟ ಅಂತಾರೆ."

"ಆಗ್ತೀಯ ಬಿಡು" ಎಂದೆ. ಬಾಯಿ ಸಿಹಿಯಾಗಿಯೇ ಆಡಿತು, ಹೊಟ್ಟೆಯಲ್ಲಿ ಕೆಂಡ ಬಿತ್ತು.

ಒಂದು ದಿನ ಅವಳು ನನಗೆ ಮೂಟೆಯ ಬಗ್ಗೆ ಹೇಳಿದ್ದು ಇನ್ನೂ ನೆನಪಿದೆ. ಚಿಕ್ಕಜಾಲದಿಂದ ವರ್ಷಕ್ಕೊಮ್ಮೆ ರಾಗಿ ಬರುತ್ತಿತ್ತಂತೆ, ಇಳಿಸಿಕೊಳ್ಳುವವರಲ್ಲಿ ಇವಳೂ ಒಬ್ಬಳು. "ಎತ್ತಕ್ ಮುಂಚೆ ಮೂಟೆ ಒಂದ್ಸಲ ಇನ್ನೂ ಕೆಳಕ್ಕೆ ಕೂತ್ಕೊತದೆ ಅಕ್ಕಾ. ಬರಲ್ಲ ಅಂತ ಅಟ ಮಾಡ್ದಂಗೆ. ಆಮೇಲ್ ಬರ್ತದೆ." ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನನ್ನ ಮೂಟೆಯಲ್ಲಿ ಅದನ್ನು ಮಾಡಿಯೂ ನೋಡಿದೆ. ಮೂಟೆ ಸರಿಯಾದ ಜಾಗದಲ್ಲಿ ಕೂತು, ಸರಿಯಾದ ಜಾಗದಲ್ಲಿ ಎದ್ದಿತು. ಡ್ರಿಲ್ ಪೀರಿಯಡ್ಡಿನ ಮಗು ಕೂತು ಎದ್ದಂತೆ.

ಸ್ಟುಡಿಯೋಗಳಲ್ಲಿ ಚಲನೆ ಬರೆಯುವವರು ಬೇರೆ, ಅದರ ಮೇಲೆ ಹೊಸ ಹಾಳೆ ಇಟ್ಟು ಗೆರೆಗಳನ್ನು ಶುದ್ಧ ಮಾಡಿ ತೆಗೆಯುವವರು ಬೇರೆ. ಮೊದಲನೆಯದಕ್ಕೆ ರಫ್ ಅನ್ನುತ್ತಾರೆ, ಎರಡನೆಯದಕ್ಕೆ ಕ್ಲೀನಪ್. ನಮಗೂ ಆ ರೂಢಿ ಆಗಲೆಂದು ಮೇಷ್ಟ್ರು ಜೋಡಿ ಮಾಡಿದರು. ಒಬ್ಬರ ರಫ್, ಇನ್ನೊಬ್ಬರ ಕ್ಲೀನಪ್. "ರಫ್ ನಂಗೆ ತೋರಿಸ್ಬೇಡಿ. ಕ್ಲೀನಪ್ ಆಗಿದ್ದು ಮಾತ್ರ ಸ್ಕ್ರೀನ್ ಮೇಲೆ ನೋಡ್ತೀನಿ. ಇನ್ನೊಬ್ರ ಕೆಲ್ಸನ ನಂಬೋದು ಕಲೀರಿ." ಅವಳ ಹಾಳೆಗಳು ನನಗೆ ಬಂದವು, ನನ್ನವು ಅವಳಿಗೆ ಹೋದವು. ಅವಳು ಖುಷಿಯಿಂದ ನನ್ನ ಕೈ ಹಿಡಿದುಕೊಂಡಳು. ನನ್ನ ಗೆರೆ ಸಿಕ್ಕಿತಲ್ಲ ಅವಳಿಗೆ.

ಒಂದು ಶನಿವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಅವಳ ಲಕೋಟೆ ಬಿಚ್ಚಿದೆ. ಹಾಳೆಗಳ ಮೇಲೆ ಅರಿಶಿನದ ಕೈ ಗುರುತು, ಮಗಳು ಗೀಚಿದ ಒಂದು ಹೂವು. ಗೆರೆಗಳೋ ಮುಳ್ಳುಕಂಟಿ. ಮೊದಲು ಎಲ್ಲವನ್ನೂ ತಿರುವಿ ನೋಡಿದೆ. ಮೂಟೆ ಮೆಟ್ಟಿಲಿಗೆ ಮೈ ಕೊಟ್ಟು ಏಳಲು ನೋಡುತ್ತದೆ, ಜಾರುತ್ತದೆ, ಕೂರುತ್ತದೆ. ಮತ್ತೆ ಮೈ ಕೊಡುತ್ತದೆ. ಆಗ ಒಂದು ಕ್ಷಣ ಅದರ ಇಡೀ ಭಾರ ನನ್ನ ಸೊಂಟಕ್ಕೇ ಬಂದ ಹಾಗಾಗಿ ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಯಾವ ಹಾಳೆ ಅದು ಎಂದು ಹುಡುಕಿದೆ. ಮೂವತ್ತೊಂದು.

ಬಿಡಿಯಾಗಿ ನೋಡಿದರೆ ಅಷ್ಟು ಕೆಟ್ಟ ಚಿತ್ರವನ್ನು ಮೂರನೇ ಕ್ಲಾಸಿನ ಮಗುವೂ ಬರೆಯುವುದಿಲ್ಲ. ಮೂಟೆ ಚಪ್ಪಟೆಯಾಗಿ ನೆಲಕ್ಕೆ ಅಂಟಿಕೊಂಡಿತ್ತು, ಹೊಲಿದ ಬಾಯಿ ಇರಬೇಕಾದ ಕಡೆ ಇರಲಿಲ್ಲ, ಒಳಗಿನ ಹಿಟ್ಟು ಅರ್ಧ ಎಲ್ಲೋ ಹೋಗಿತ್ತು. ಗಾತ್ರದ ನಿಯಮ ಮುರಿದಿತ್ತು. ಆದರೆ ಅದೊಂದು ಹಾಳೆ ಕಣ್ಣಿಗೆ ಬಿದ್ದು ಹೋಗುವುದು ರೆಪ್ಪೆ ಬಡಿಯುವುದರೊಳಗೆ. ಕಣ್ಣು ಅದನ್ನು ನೋಡುವುದಿಲ್ಲ, ಮೈ ನೋಡುತ್ತದೆ. ಅದನ್ನು ತೆಗೆದು, ಉಳಿದದ್ದನ್ನು ತಿರುವಿ ನೋಡಿದೆ. ಭಾರ ಹೋಯಿತು. ಮತ್ತೆ ಸೇರಿಸಿದೆ. ಭಾರ ಬಂತು. ಹೀಗೆ ಹತ್ತು ಸಲ ಮಾಡಿರಬೇಕು. ಒಂಬತ್ತು ವರ್ಷದಲ್ಲಿ, ಈ ಹತ್ತು ತಿಂಗಳಲ್ಲಿ, ನಾನು ಬರೆದ ಒಂದು ಚಿತ್ರಕ್ಕೂ ಇಂಥದ್ದು ಆಗಿರಲಿಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತಾಯಿತು. ಇಷ್ಟು ಹೊಟ್ಟೆ ಉರಿದದ್ದು ನನ್ನ ಜೀವನದಲ್ಲಿ ಅದೇ.

ಹೊಸ ಹಾಳೆ ಸಿಕ್ಕಿಸಿದೆ. ಮೂವತ್ತನೆಯದನ್ನು ಒಂದಿಷ್ಟು ತಿದ್ದಿದೆ. ಮೂವತ್ತೊಂದನ್ನು ಪೂರ್ತಿ ತಿದ್ದಿದೆ: ಹಿಟ್ಟನ್ನು ಒಳಗೆ ತುಂಬಿದೆ, ಬಾಯಿಯನ್ನು ಅದರ ಜಾಗಕ್ಕೆ ತಂದೆ, ಚಂದದ ಒಂದು ಮಡಿಕೆ ಕೊಟ್ಟೆ. ಮೂವತ್ತೆರಡನ್ನು ಅದಕ್ಕೆ ಹೊಂದಿಸಿದೆ. ಯಾರಾದರೂ ಕೇಳಿದರೆ ಹೇಳಲು ಉತ್ತರ ಸಿದ್ಧವಿತ್ತು. ಗಾತ್ರ ತಪ್ಪಿತ್ತು, ಸರಿ ಮಾಡಿದೆ. ಪಾಠದಲ್ಲಿ ಹಾಗೇ ಇದೆ. ಉಳಿದ ಐವತ್ತೇಳು ಹಾಳೆಗಳನ್ನು ಅವಳು ಬರೆದ ಹಾಗೇ, ನನ್ನ ಅತ್ಯುತ್ತಮ ಗೆರೆಯಲ್ಲಿ ತೆಗೆದೆ. ತಿಳಿಯದೆ ಮಾಡಿದೆ ಎಂದು ಇವತ್ತು ಹೇಳಿಕೊಂಡರೆ ನನ್ನ ನಾಲಿಗೆಯೇ ನಂಬುವುದಿಲ್ಲ.

ನನ್ನ ಹಾಳೆಗಳನ್ನು ಅವಳು ಒಂಬತ್ತು ದಿನ ಇಟ್ಟುಕೊಂಡಿದ್ದಳು. ನಾನು ಚೀಲದ ಗೋಣಿಯ ಎಳೆ, ಹೊಲಿಗೆ, ಎಲ್ಲವನ್ನೂ ಬರೆದಿದ್ದೆ. ಒಂದು ಹೊಲಿಗೆಯನ್ನೂ ಬಿಡದೆ ಎಣಿಸಿ ಎಣಿಸಿ ತೆಗೆದಿದ್ದಳು. ಗೆರೆ ನಡುಗಿತ್ತು, ಆದರೆ ಒಂದು ಕೂದಲಿನಷ್ಟೂ ಆಚೀಚೆ ಆಗಿರಲಿಲ್ಲ. ನನ್ನ ಮೂಟೆ ಹೇಗಿತ್ತೋ ಹಾಗೇ ನನಗೆ ಹಿಂದಿರುಗಿಸಿದ್ದಳು.

ತೋರಿಸುವ ದಿನ ಕಿಟಕಿಗೆ ಪರದೆ ಎಳೆದರು. ಹುಡುಗರವು ಮೊದಲು ಆದವು. ನನ್ನದು ಬಂತು, ಮೂಟೆ ಎದ್ದಿತು, ಹತ್ತಿತು. ಮೇಷ್ಟ್ರು ತಲೆಯಾಡಿಸಿದರು. ಅವಳದು ಬಂದಾಗ ಹುಡುಗರಲ್ಲಿ ಒಬ್ಬ, "ಏನ್ ಲೈನ್ ಮಗಾ" ಎಂದ. ಮೂಟೆ ಮೆಟ್ಟಿಲಿಗೆ ಮೈ ಕೊಟ್ಟಿತು, ಜಾರಿತು, ಕೂತಿತು. ಎಲ್ಲರೂ ಮುಂದಕ್ಕೆ ಬಾಗಿದರು. ಮತ್ತೆ ಮೈ ಕೊಟ್ಟಿತು, ಗಾಳಿ ತುಂಬಿದ ದಿಂಬಿನ ಹಾಗೆ ಮೇಲೆ ಹೋಗಿ ಕೂತಿತು. ಬಾಗಿದವರೆಲ್ಲ ಹಿಂದಕ್ಕೆ ಒರಗಿದರು. ಮೇಷ್ಟ್ರು ಎರಡು ಸಲ ಮತ್ತೆ ಹಾಕಿದರು.

"ಇಲ್ಲಿವರ್ಗೂ ಇತ್ತಲ್ಲಮ್ಮಾ. ಇಲ್ಲಿ ಏನಾಯ್ತು? ವೆಯ್ಟೇ ಹೋಯ್ತು."

ಅವಳು ಪರದೆಯನ್ನೇ ನೋಡುತ್ತಿದ್ದಳು. "ನಂದೇ ತಪ್ಪಿರ್ಬೇಕು ಸಾರ್. ಅಕ್ಕ ಚೆನ್ನಾಗೇ ಮಾಡವ್ರೆ."

ನಾನು ಪೆನ್ಸಿಲ್ ಕೆತ್ತುತ್ತಾ ಕೂತೆ. ಮೂರು ದಿನ ಆದ ಮೇಲೆ ಮೇಷ್ಟ್ರು ನನ್ನನ್ನು ಕರೆದು, ಜೂನ್ ಒಂದರಿಂದ ಸ್ಟುಡಿಯೋಗೆ ಬನ್ನಿ ಎಂದರು. "ಆ ಹುಡುಗಿ ಮೇಲೆ ತುಂಬ ಆಸೆ ಇಟ್ಟಿದ್ದೆ ಮೇಡಂ. ಮುಖ್ಯವಾದ ಜಾಗದಲ್ಲೇ ಕೈ ಕೊಡ್ತು. ನೀವು ಎಲ್ಲೂ ಜಾರಲಿಲ್ಲ." ನಾನು ಶಾಲೆಗೆ ರಾಜೀನಾಮೆ ಕಳಿಸಿದೆ. ಅಕ್ಕ ಹೋಳಿಗೆ ಮಾಡಿದಳು.

ಸ್ಟುಡಿಯೋದ ಕೆಲಸದಲ್ಲಿ ಇನ್ನೊಂದು ಸೇರಿತ್ತು. ಶನಿವಾರ ಮೇಷ್ಟ್ರ ಬದಲು ಕೊಡಿಗೇಹಳ್ಳಿಗೆ ಹೋಗಿ ಹೊಸ ಬ್ಯಾಚಿನ ಹಾಳೆಗಳನ್ನು ನೋಡಿ ಬರಬೇಕು. ಹೋದ ಮೊದಲ ದಿನವೇ ಅವಳು ಅಲ್ಲಿದ್ದಳು. ಹೇಗೋ ಮಾವನನ್ನು ಒಪ್ಪಿಸಿ ಇನ್ನೊಂದು ಸಲ ಸೇರಿಕೊಂಡಿದ್ದಳು. ಬೀಗದ ಕೈ ಗೊಂಚಲು ಮೇಜಿನ ಮೇಲಿಟ್ಟು, ಹುಡುಗರ ನಡುವೆ ಕೂತು, ಮೊದಲಿನಿಂದ ಚೆಂಡು ಬರೆಯುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಆ ಗೌರವ ನೋಡಿ ನನಗೆ ಎಲ್ಲಿ ಮುಖ ಇಡಬೇಕೆಂದು ತಿಳಿಯಲಿಲ್ಲ.

ಹೀಗೇ ಆರೇಳು ತಿಂಗಳು ಕಳೆದವು. ಒಂದು ಶನಿವಾರ ಎಲ್ಲರೂ ಹೋದ ಮೇಲೆ ಲಕೋಟೆ ಹಿಡಿದುಕೊಂಡು ಬಂದಳು. ಅದರಲ್ಲಿ ನಾನು ತಿದ್ದಿದ ಮೂರು ಹಾಳೆಗಳಿದ್ದವು, ಅವುಗಳ ಪಕ್ಕ ಅವಳ ಹಳೆಯ ಮೂರು. ಅಂಚುಗಳು ಕೈಯಾಡಿ ಮೆತ್ತಗಾಗಿದ್ದವು.

"ಮನೇಲಿ ಪಕ್ಕ ಪಕ್ಕ ಇಟ್ಕೊಂಡ್ ನೋಡ್ದೆ ಅಕ್ಕಾ. ನೀವು ತಿದ್ದಿರೋದು ಗೊತ್ತಾಯ್ತು" ಎಂದಳು.

ನಾನು ಆ ಹಾಳೆಗಳ ಅಂಚು ಸೇರಿಸಿ ಜೋಡಿಸತೊಡಗಿದೆ.

"ಅವತ್ತು ಸಾರ್‌ಗೆ ಏಳ್ಬೇಕು ಅಂತ್ಲೂ ಬಂತು. ಆಮೇಲ್ ಅಂದ್ಕೊಂಡೆ, ಅಕ್ಕ ಟೀಚರ್ ಅಲ್ವಾ, ನಂದು ಸರಿ ಇದ್ದಿದ್ರೆ ಯಾಕ್ ತಿದ್ತಿದ್ರು. ನೀವ್ ಇಷ್ಟ್ ತಿದ್ದಿದ್ರೂ ಎದ್ದೇಳ್ಲಿಲ್ಲ ಅಂದ್ರೆ ನಾನ್ ಎಷ್ಟ್ ಕೆಡ್ಸಿದ್ದೆ ಅಂತ." ಅವಳ ದನಿಯಲ್ಲಿ ದೂರು ಇರಲಿಲ್ಲ, ಹುಡುಕಿದರೂ ಇರಲಿಲ್ಲ. "ಅದ್ಕೇ ದಿನಾ ಇದನ್ ನೋಡ್ಕೊಂಡ್ ಬರೆದ್ ಬರೆದ್ ಕಲ್ತೆ. ಈಗ ನಂಗೂ ಗಾತ್ರ ತಪ್ಪಲ್ಲ. ಇದು ಒಸಾದು, ನೋಡಿ."

ಹೊಸ ಮೂಟೆಯ ಅರವತ್ತು ಹಾಳೆಗಳನ್ನು ನನ್ನ ಕೈಗಿಟ್ಟಳು. ಗೆರೆ ಎಷ್ಟೋ ಶುದ್ಧವಾಗಿತ್ತು. ಹೊಲಿದ ಬಾಯಿ ಪ್ರತಿ ಹಾಳೆಯಲ್ಲೂ ಇರಬೇಕಾದ ಜಾಗದಲ್ಲಿತ್ತು. ಬೆರಳ ಸಂದಿಗೆ ಸಿಕ್ಕಿಸಿ ತಿರುವಿದೆ. ಮೂಟೆ ಎದ್ದಿತು, ಜಾರಿತು, ಕೂತಿತು, ಹತ್ತಿತು. ಎಲ್ಲಿಯೂ ಅಡ್ಡಿಯಿಲ್ಲ, ಎಲ್ಲಿಯೂ ಭಾರವಿಲ್ಲ. ನನ್ನ ಕೈಯೇ ಬರೆದಂತಿತ್ತು.

ಹೇಳಬಹುದಾಗಿತ್ತು. ನಿನ್ನ ಮೂವತ್ತೊಂದು ಸರಿಯಾಗಿತ್ತು, ನಾನು ಬೇಕೆಂದೇ ಕೆಡಿಸಿದೆ, ಇದನ್ನೆಲ್ಲ ಹರಿದು ಹಾಕಿ ಮೊದಲಿನ ಹಾಗೆ ಬರೆ ಎನ್ನಬಹುದಾಗಿತ್ತು. ಸ್ಟುಡಿಯೋದ ಕೆಲಸ ಹೋಗುತ್ತದೆ ಎನ್ನುವ ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಅದಕ್ಕಿಂತ ಹೆಚ್ಚಿಗೆ ಹೆದರಿದ್ದು, ಹೇಳಿದರೆ ಇವಳು ಮತ್ತೆ ಅದೇ ಹಳೆಯವಳಾಗಿಬಿಡುತ್ತಾಳೆ ಎಂದು. ಅವಳು ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ ನನ್ನ ಮುಖ ನೋಡುತ್ತಿದ್ದಳು.

"ಈಗ ಸರಿ ಐತಾ ಅಕ್ಕಾ?"

"ಸರಿ ಇದೆ" ಎಂದೆ.

ನಗುತ್ತಾ ಹಾಳೆಗಳನ್ನು ಜೋಡಿಸಿಕೊಂಡು ಕೆಳಗಿಳಿದು ಹೋದಳು. ನಾನು ಮೇಜಿನ ದೀಪ ಆರಿಸಿದೆ. ಅವಳನ್ನು ಕಂಡ ದಿನದಿಂದ ಮೊದಲ ಸಲ, ಅವಳ ಚಿತ್ರ ನೋಡಿ ನನಗೆ ಹೊಟ್ಟೆ ಉರಿದಿರಲಿಲ್ಲ.